ಕಂಪವಾತದ ಗುಳಿಗೆ, ಹೃದಯದ ಕವಾಟ



ಯಲಬುರ್ಗಾ ತಾಲೂಕಿನ ಹಳ್ಳಿಯೊಂದರ ಹಿರಿಯರೊಬ್ಬರು ನಮ್ಮಲ್ಲಿಗೆ ಚಿಕಿತ್ಸೆಗಾಗಿ ಬರುತ್ತಿದ್ದರು. ಜೀವಮಾನವಿಡೀ ಎರೆಹೊಲದಲ್ಲಿ ದುಡಿದ ದೇಹ. ದಿನಕ್ಕೆರಡು ಹೊತ್ತು ತಪ್ಪದ ಲಿಂಗಪೂಜೆ. ಅವರು ಮೊದಲ ಸಲ ಬಂದಾಗ ಹೇಳಿಕೊಂಡ ದೂರು ನಮಗೆ ಇಂದಿಗೂ ಮರೆತಿಲ್ಲ. ಊಟ ಮಾಡುವಾಗ ತುತ್ತು ಚೆಲ್ಲುವುದನ್ನಾಗಲಿ, ನಡೆಯುವಾಗ ಹೆಜ್ಜೆ ಕಿರಿದಾಗಿರುವುದನ್ನಾಗಲಿ ಅವರು ಹೇಳಲಿಲ್ಲ. ಎಡ ಅಂಗೈಯನ್ನು ನಮ್ಮ ಮುಂದೆ ಚಾಚಿ, "ಡಾಕ್ಟ್ರ, ಈ ಕೈಯಾಗ ಲಿಂಗಪ್ಪ ನಿಲ್ಲವಲ್ಲ ನೋಡ್ರಿ" ಎಂದರು. ಅಂಗೈಯು ಒಣ ಎಲೆಯಂತೆ ನಡುಗುತ್ತಿತ್ತು.

ಆ ನಡುಕಕ್ಕೆ ದೊರೆತ ಒಂದು ಔಷಧದ ಕಥೆಯನ್ನು ಈ ತಿಂಗಳು ಓದುಗರ ಮುಂದಿಡುತ್ತಿದ್ದೇವೆ. ಅದು ನಡುಕವನ್ನು ತಗ್ಗಿಸಿದ್ದು ನಿಜ. ಹೃದಯವನ್ನು ಕೆಡಿಸಿದ್ದೂ ನಿಜ. ೨೦೦೭ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ಹಿಂತೆಗೆದುಕೊಳ್ಳಲಾಯಿತು. ಇಷ್ಟು ವರ್ಷಗಳ ಮೇಲೆ ಅದನ್ನೇಕೆ ನೆನೆಯಬೇಕೆಂದು ಕೇಳಬಹುದು. ಆ ಔಷಧದ ದಾಯಾದಿಗಳು ಇಂದಿಗೂ ನಮ್ಮ ಅಂಗಡಿಗಳಲ್ಲಿವೆ. ಅದಕ್ಕಿಂತ ಮುಖ್ಯವಾಗಿ, ಆಗ ನಾವು ಮಾಡಿದ ತಪ್ಪನ್ನು ಇಂದಿಗೂ ಅನೇಕ ಮನೆಗಳಲ್ಲಿ ಮಾಡಲಾಗುತ್ತಿದೆ.

ರೋಗದ ಪರಿಚಯ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ೧೮೧೭ರಲ್ಲಿ ಈ ರೋಗದ ಲಕ್ಷಣಗಳನ್ನು ವಿವರಿಸಿ ಪುಸ್ತಕ ಬರೆದನು. ಆದುದರಿಂದ ಇದಕ್ಕೆ ಪಾರ್ಕಿನ್‌ಸನ್ ಕಾಯಿಲೆ ಎಂಬ ಹೆಸರು ಬಂದಿತು. ನಮ್ಮ ಶಾಸ್ತ್ರಕ್ಕೆ ಇದು ಹೊಸದಲ್ಲ. ಚರಕ ಸಂಹಿತೆಯು ವಾತದ ವಿಕಾರಗಳಲ್ಲಿ ವೇಪಥುವನ್ನು, ಅಂದರೆ ನಡುಕವನ್ನು, ಎಣಿಸಿದೆ. ತೆಲುಗು ಸೀಮೆಯ ಶಿವಭಕ್ತ ವೈದ್ಯ ಬಸವರಾಜನು ರಚಿಸಿದ 'ಬಸವರಾಜೀಯಂ' ಗ್ರಂಥದಲ್ಲಿ ಕಂಪವಾತವೆಂಬ ಹೆಸರಿನಲ್ಲಿಯೇ ಕೈಕಾಲುಗಳ ನಡುಕ, ನಿದ್ರಾಭಂಗ, ಬುದ್ಧಿಯ ಕ್ಷೀಣತೆ ಇವುಗಳ ವರ್ಣನೆಯಿದೆ.

ಮಿದುಳಿನ ಆಳದಲ್ಲಿ ಕಪ್ಪು ಬಣ್ಣದ ಒಂದು ಚಿಕ್ಕ ಭಾಗವಿದೆ. ಅಲ್ಲಿಯ ಜೀವಕೋಶಗಳು ಡೋಪಮಿನ್ ಎಂಬ ದ್ರವ್ಯವನ್ನು ತಯಾರಿಸುತ್ತವೆ. ನಮ್ಮ ಚಲನೆಗಳೆಲ್ಲ ಹದವಾಗಿ, ಒಂದರ ಹಿಂದೊಂದು ಸರಾಗವಾಗಿ ನಡೆಯಲು ಈ ದ್ರವ್ಯ ಬೇಕು. ಆ ಜೀವಕೋಶಗಳು ಮೆಲ್ಲಮೆಲ್ಲನೆ ನಶಿಸುತ್ತ ಹೋಗಿ, ಸುಮಾರು ಅರ್ಧದಷ್ಟು ಕಳೆದುಹೋದ ಮೇಲೆ ರೋಗವು ಹೊರಗೆ ಕಾಣಿಸಿಕೊಳ್ಳುತ್ತದೆ. ಸುಮ್ಮನಿರುವ ಕೈ ನಡುಗುತ್ತದೆ, ಅಂಗಾಂಗಗಳು ಬಿಗಿಯುತ್ತವೆ, ಅಕ್ಷರ ಕಿರಿದಾಗುತ್ತದೆ, ಧ್ವನಿ ತಗ್ಗುತ್ತದೆ, ಮುಖದ ಭಾವ ಮಾಸುತ್ತದೆ. ಬಹಳ ಮಂದಿಗೆ ಇದಕ್ಕೂ ಎಷ್ಟೋ ವರ್ಷ ಮೊದಲೇ ಮಲಬದ್ಧತೆ ಹಾಗೂ ವಾಸನೆ ತಿಳಿಯದಿರುವಿಕೆ ಆರಂಭವಾಗಿರುತ್ತವೆ.

ವಯಸ್ಸು ಇದರ ಮುಖ್ಯ ಕಾರಣ. ಕೆಲವು ಕೀಟನಾಶಕ, ಕಳೆನಾಶಕಗಳ ದೀರ್ಘ ಸಂಪರ್ಕಕ್ಕೂ ಈ ರೋಗಕ್ಕೂ ನಂಟಿರುವುದನ್ನು ಅನೇಕ ದೇಶಗಳ ಅಧ್ಯಯನಗಳು ಕಂಡಿವೆ. ಗಂಗಾವತಿ ಭಾಗದ ಭತ್ತದ ಗದ್ದೆಗಳಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ, ಬರಿಗೈಯಲ್ಲಿ ಔಷಧ ಕಲಸಿ ಹೊಡೆಯುವ ನಮ್ಮ ರೈತಬಂಧುಗಳು ಈ ಮಾತನ್ನು ಗಮನಿಸಬೇಕು.

ಔಷಧ ಬಂದ ದಾರಿ

ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್‌ಸನ್ ೧೯೫೦ರ ದಶಕದ ಕೊನೆಯಲ್ಲಿ ಡೋಪಮಿನ್‌ನ ಮಹತ್ವವನ್ನು ತೋರಿಸಿಕೊಟ್ಟರು. ಆ ಕಾರ್ಯಕ್ಕಾಗಿ ಅವರಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಡೋಪಮಿನ್ ಅನ್ನು ನೇರವಾಗಿ ಕೊಟ್ಟರೆ ಅದು ಮಿದುಳನ್ನು ಪ್ರವೇಶಿಸಲಾರದು. ಅದರ ಪೂರ್ವರೂಪವಾದ ಲೆವೊಡೋಪ ಪ್ರವೇಶಿಸಬಲ್ಲದು. ೧೯೬೦ರ ದಶಕದಲ್ಲಿ ಲೆವೊಡೋಪ ಚಿಕಿತ್ಸೆ ರೂಢಿಗೆ ಬಂದು, ಹಾಸಿಗೆ ಹಿಡಿದವರು ಎದ್ದು ನಡೆದರು. ಇಂದಿಗೂ ಈ ರೋಗಕ್ಕೆ ಅದಕ್ಕಿಂತ ಬಲವಾದ ಗುಳಿಗೆ ಬಂದಿಲ್ಲ.

ಆದರೆ ಕೆಲವು ವರ್ಷ ಸೇವಿಸಿದ ಮೇಲೆ ಲೆವೊಡೋಪದ ಪರಿಣಾಮದಲ್ಲಿ ಏರಿಳಿತ ಕಾಣುತ್ತದೆ. ಒಂದು ಗಳಿಗೆ ಚೆನ್ನಾಗಿ ನಡೆಯುವವರು ಮರುಗಳಿಗೆ ಕಲ್ಲಿನಂತೆ ನಿಲ್ಲುತ್ತಾರೆ. ಬೇಡವಾದಾಗ ಮೈ ತಾನಾಗಿ ತೊನೆಯುತ್ತದೆ. ಇದನ್ನು ತಪ್ಪಿಸಲು, ಡೋಪಮಿನ್ ಮಾಡುವ ಕೆಲಸವನ್ನು ತಾನೇ ಮಾಡಬಲ್ಲ ದ್ರವ್ಯಗಳನ್ನು ವಿಜ್ಞಾನಿಗಳು ಹುಡುಕಿದರು. ಅಂಥವುಗಳಲ್ಲಿ ಒಂದು ಪರ್ಗೊಲೈಡ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ೧೯೮೮ರಲ್ಲಿ ಇದಕ್ಕೆ ಒಪ್ಪಿಗೆಯಿತ್ತಿತು. 'ಪರ್ಮಾಕ್ಸ್' ಎಂಬ ಹೆಸರಿನಲ್ಲಿ ಅದು ಮಾರಾಟವಾಯಿತು.

ಪರ್ಗೊಲೈಡ್‌ನ ಮೂಲ ಅರ್ಗಟ್ ಎಂಬ ಶಿಲೀಂಧ್ರದ ಸತ್ವ. ಈ ಹೆಸರು ಕೇಳಿ ಕುಷ್ಟಗಿ, ಯಲಬುರ್ಗಾ ಭಾಗದ ರೈತರು ಪರದೇಶದ ಮಾತೆಂದು ತಿಳಿಯಬಾರದು. ಸಜ್ಜೆ ಹೂವಾಡುವ ಹೊತ್ತಿಗೆ ಮೋಡ ಮುಸುಕಿ ಜಡಿಮಳೆ ಹಿಡಿದರೆ, ತೆನೆಯಿಂದ ಜೋನಿಬೆಲ್ಲದಂತಹ ಅಂಟುರಸ ಒಸರಿ, ಆಮೇಲೆ ಕಾಳಿನ ಬದಲು ಕಪ್ಪಗಿನ ಗಟ್ಟಿ ಗಂಟುಗಳು ಮೂಡುವುದನ್ನು ಅವರು ಕಂಡಿದ್ದಾರೆ. ಅದೂ ಅರ್ಗಟ್ ಕುಲದ್ದೇ. ಯುರೋಪಿನಲ್ಲಿ ರೈ ಎಂಬ ಧಾನ್ಯಕ್ಕೆ ತಗಲುವ ಅರ್ಗಟ್ ಬೇರೆ ಜಾತಿಯದು; ಅದನ್ನು ತಿಂದು ಮಧ್ಯಯುಗದಲ್ಲಿ ಅಲ್ಲಿಯ ಜನ ಕೈಕಾಲು ಕೊಳೆತು ಸತ್ತದ್ದುಂಟು. ನಮ್ಮ ದೇಶದಲ್ಲಿಯೂ ಅರ್ಗಟ್ ಬೆರೆತ ಸಜ್ಜೆ ತಿಂದು ವಾಂತಿ, ತಲೆಸುತ್ತು, ಅತಿನಿದ್ರೆಗಳಿಂದ ಬಳಲಿದ ಪ್ರಸಂಗಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಸಜ್ಜೆಯ ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ, ತೇಲಿದ್ದನ್ನು ತೆಗೆದುಹಾಕಬೇಕೆಂದು ಕೃಷಿ ಇಲಾಖೆಯವರು ಹೇಳುವುದು ಇದಕ್ಕಾಗಿಯೇ.

ವಿಷವಾಗಬಲ್ಲ ದ್ರವ್ಯವನ್ನು ಶೋಧಿಸಿ ಔಷಧವಾಗಿಸುವುದು ಎಲ್ಲ ವೈದ್ಯಪದ್ಧತಿಗಳಲ್ಲಿಯೂ ಉಂಟು. ನಮ್ಮಲ್ಲಿ ವತ್ಸನಾಭಿಯನ್ನು ಹಾಗೆ ಬಳಸುತ್ತೇವೆ. ಅರ್ಗಟ್‌ನಿಂದ ಹೆರಿಗೆಯ ರಕ್ತಸ್ರಾವ ನಿಲ್ಲಿಸುವ ಔಷಧ ಬಂದಿತು, ಅರೆತಲೆನೋವಿನ ಔಷಧ ಬಂದಿತು, ಪಾರ್ಕಿನ್‌ಸನ್ ಕಾಯಿಲೆಗೆ ಬ್ರೊಮೊಕ್ರಿಪ್ಟಿನ್, ಪರ್ಗೊಲೈಡ್, ಕ್ಯಾಬರ್ಗೊಲಿನ್ ಬಂದವು. ಆದರೆ ಶೋಧಿಸಿದ ಮೇಲೂ ಮೂಲಗುಣದ ಎಳೆಯೊಂದು ಉಳಿದಿರಬಹುದು. ಅದು ಹೊರಗೆ ಬರಲು ವರ್ಷಗಳೇ ಹಿಡಿಯಬಹುದು.

ನಮ್ಮ ತಪ್ಪು

ಆ ಹಿರಿಯರ ಮಗ ಅಮೆರಿಕದಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿದ್ದರು. ೨೦೦೩ರಲ್ಲಿ ತಂದೆಯನ್ನು ಆರು ತಿಂಗಳ ಮಟ್ಟಿಗೆ ಕರೆಸಿಕೊಂಡರು. ಅಲ್ಲಿಯ ವೈದ್ಯರು ಲೆವೊಡೋಪದ ಜೊತೆಗೆ ಇನ್ನೊಂದು ಗುಳಿಗೆಯನ್ನು ಬರೆದುಕೊಟ್ಟರು. ಊರಿಗೆ ಮರಳಿದಾಗ ಕೈ ಬಹಳಷ್ಟು ಸ್ಥಿರವಾಗಿತ್ತು. ಹಿರಿಯರು ನಮ್ಮ ಮುಂದೆ ಅಂಗೈ ಚಾಚಿ ನಕ್ಕರು. ಅಂದಿನಿಂದ ಮಗನ ಸ್ನೇಹಿತರು ಯಾರು ಬಂದರೂ ಅವರ ಕೈಯಲ್ಲಿ ಗುಳಿಗೆಯ ಡಬ್ಬಿ ಬರುತ್ತಿತ್ತು. ಮನೆಯಲ್ಲಿ ಅದಕ್ಕೆ 'ಅಮೆರಿಕಾದ ಗುಳಿಗಿ' ಎಂದೇ ಹೆಸರು.

೨೦೦೬ರ ದೀಪಾವಳಿಯ ಸುಮಾರಿಗೆ ಅವರ ಕಾಲುಗಳಲ್ಲಿ ಬಾವು ಕಾಣಿಸಿತು. ಹೊಲದವರೆಗೆ ನಡೆದರೆ ಏದುಸಿರು. ರಾತ್ರಿ ಎರಡು ದಿಂಬು ಬೇಕು. ನಾವು ನಾಡಿ ನೋಡಿದೆವು. ವಯಸ್ಸಾಯಿತು, ವಾತ ಕೆರಳಿದೆ, ಕೂತಲ್ಲೇ ಕೂರುವುದರಿಂದ ಶೋಥ ಬಂದಿದೆ ಎಂದು ತೀರ್ಮಾನಿಸಿ ಪುನರ್ನವಾದಿ ಕಷಾಯ ಕೊಟ್ಟು, ಉಪ್ಪು ತಗ್ಗಿಸಲು ಹೇಳಿದೆವು. ಬಾವು ಸ್ವಲ್ಪ ಇಳಿಯಿತು. ಅವರಿಗೂ ಸಮಾಧಾನ, ನಮಗೂ ಸಮಾಧಾನ.

ಮೇಜಿನ ಮೇಲೆ ಸ್ಟೆತಾಸ್ಕೋಪು ಇತ್ತು. ಎದೆಯ ಮೇಲಿಟ್ಟು ಎರಡು ನಿಮಿಷ ಕಿವಿಗೊಟ್ಟಿದ್ದರೆ ಕವಾಟ ಸೋರುವ ಸದ್ದು ಕೇಳಿಸುತ್ತಿತ್ತು. ಅಮೆರಿಕದ ಗುಳಿಗೆಯ ಹೆಸರನ್ನು ಒಮ್ಮೆ ಓದಿದ್ದರೂ ವಿಚಾರಿಸುವ ದಾರಿ ತೆರೆಯುತ್ತಿತ್ತು. ಅದು ಅಲೋಪಥಿಯವರ ವಿಷಯ, ನಮಗೇಕೆ ಎಂಬ ಉದಾಸೀನ ನಮ್ಮಲ್ಲಿತ್ತು. ಆಯುರ್ವೇದವು ಶಿರಸ್ಸು, ಹೃದಯ, ಬಸ್ತಿ ಈ ಮೂರನ್ನು ತ್ರಿಮರ್ಮಗಳೆಂದು ಕರೆದು, ಇವುಗಳನ್ನು ಎಲ್ಲಕ್ಕಿಂತ ಮೊದಲು ಕಾಯಬೇಕೆಂದು ವಿಧಿಸಿದೆ. ಶಿರಸ್ಸಿನ ರೋಗವನ್ನು ನೋಡುತ್ತ ನಾವು ಹೃದಯವನ್ನು ಮರೆತೆವು.

೨೦೦೭ರ ಏಪ್ರಿಲ್ ಮೊದಲ ವಾರ ಹಿರಿಯರ ಸೊಸೆಯವರು ಗಾಬರಿಯಿಂದ ನಮ್ಮಲ್ಲಿಗೆ ಬಂದರು. "ಅಮೆರಿಕಾದಿಂದ ಫೋನ್ ಬಂದಿತ್ರಿ. ಮಾವಾರ ಗುಳಿಗಿ ಅಲ್ಲಿ ಬಂದ್ ಮಾಡ್ಯಾರಂತ. ಎದಿಗೆ ಪೆಟ್ಟಂತ. ನಾನು ನಿನ್ನಿಂದ ಕೊಟ್ಟಿಲ್ಲರಿ" ಎಂದರು. ಆ ಕೊನೆಯ ಮಾತು ನಮಗೆ ಮೊದಲ ಮಾತಿಗಿಂತ ಹೆಚ್ಚು ಭಯ ಹುಟ್ಟಿಸಿತು. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ಕವಾಟಕ್ಕೆ ಏನಾಗುತ್ತದೆ

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತವು ಒಂದೇ ದಿಕ್ಕಿಗೆ ಹರಿಯುವಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಜಲಾಶಯದ ೧೯ನೆಯ ಗೇಟಿನ ಸರಪಳಿ ತುಂಡಾಗಿ, ಗೇಟೇ ಕೊಚ್ಚಿಹೋದಾಗ ನಮ್ಮ ಜಿಲ್ಲೆಯ ಜನ ಪಟ್ಟ ಆತಂಕ ಎಲ್ಲರಿಗೂ ನೆನಪಿದೆ. ಮೂವತ್ತಮೂರು ಗೇಟುಗಳಲ್ಲಿ ಒಂದು ಕೆಟ್ಟರೆ ಸಾಕು, ಇಡೀ ಅಣೆಕಟ್ಟೆಯ ನೀರಿನ ಲೆಕ್ಕ ತಪ್ಪುತ್ತದೆ. ಹೃದಯದಲ್ಲಿರುವುದು ನಾಲ್ಕೇ ಗೇಟು. ಅವುಗಳಲ್ಲಿ ಎರಡಕ್ಕೆ ಸರಪಳಿಯಂತಹ ತೆಳುವಾದ ಹುರಿಗಳೂ ಇವೆ.

ಪರ್ಗೊಲೈಡ್ ಆ ಗೇಟನ್ನು ಒಮ್ಮೆಲೆ ಮುರಿಯುವುದಿಲ್ಲ. ಕವಾಟದ ಜೀವಕೋಶಗಳ ಮೇಲೆ ಸೆರೊಟೊನಿನ್ ಎಂಬ ದ್ರವ್ಯವನ್ನು ಗುರುತಿಸುವ '೨ಬಿ' ಎಂಬ ಗ್ರಾಹಕಗಳಿವೆ. ಈ ಔಷಧವು ಮಿದುಳಿನಲ್ಲಿ ಡೋಪಮಿನ್‌ನ ಕೆಲಸ ಮಾಡುತ್ತಿರುವಾಗಲೇ ಹೃದಯದಲ್ಲಿ ಈ ಗ್ರಾಹಕಗಳನ್ನೂ ತಟ್ಟುತ್ತದೆ. ದಿನವೂ ತಟ್ಟಿಸಿಕೊಂಡ ಜೀವಕೋಶಗಳು ಬೆಳೆಯತೊಡಗಿ ನಾರನ್ನು ಉತ್ಪಾದಿಸುತ್ತವೆ. ರೇಷ್ಮೆಯಷ್ಟು ಮೃದುವಾಗಿರಬೇಕಾದ ಕವಾಟದ ಎಸಳು ದಪ್ಪವಾಗಿ, ಗಡುಸಾಗಿ, ಮುದುಡುತ್ತದೆ. ಹುರಿಗಳೂ ಗಿಡ್ಡವಾಗುತ್ತವೆ. ಆಮೇಲೆ ಎಸಳುಗಳು ಒಂದಕ್ಕೊಂದು ಕೂಡುವುದಿಲ್ಲ. ಮುಂದೆ ಹೋದ ರಕ್ತದ ಒಂದು ಪಾಲು ಹಿಂದಕ್ಕೆ ಸೋರುತ್ತದೆ. ಸೋರಿದ್ದನ್ನು ಮತ್ತೆ ತಳ್ಳುತ್ತ ತಳ್ಳುತ್ತ ಹೃದಯ ದಣಿಯುತ್ತದೆ.

ಇಂಥದೇ ಹಾನಿಯನ್ನು ಜಗತ್ತು ಹಿಂದೊಮ್ಮೆ ಕಂಡಿತ್ತು. ಮೈ ಕರಗಿಸಲೆಂದು ಕೊಡುತ್ತಿದ್ದ ಫೆನ್‌ಫ್ಲುರಮಿನ್ ಎಂಬ ಗುಳಿಗೆಯನ್ನು ೧೯೯೭ರಲ್ಲಿ ಅಮೆರಿಕದಲ್ಲಿ ಹಿಂತೆಗೆದುಕೊಂಡದ್ದು ಇದೇ ಬಗೆಯ ಕವಾಟದೋಷಕ್ಕಾಗಿ. ಪರ್ಗೊಲೈಡ್ ಸೇವಿಸುತ್ತಿದ್ದ ಮೂವರು ರೋಗಿಗಳಲ್ಲಿ ಕವಾಟ ಕೆಟ್ಟಿರುವುದನ್ನು ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ೨೦೦೨ರ ಕೊನೆಯಲ್ಲಿ ಪ್ರಕಟಿಸಿದರು. ಔಷಧದ ಚೀಟಿಯಲ್ಲಿ ಎಚ್ಚರಿಕೆ ಸೇರಿತು. ಮಾರಾಟ ಮುಂದುವರಿಯಿತು.

೨೦೦೭ರ ಜನವರಿಯಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಬಂದವು. ಇಟಲಿಯ ವೈದ್ಯರು ೧೫೫ ಮಂದಿ ಪಾರ್ಕಿನ್‌ಸನ್ ರೋಗಿಗಳ ಹಾಗೂ ೯೦ ಮಂದಿ ಇತರರ ಹೃದಯಗಳನ್ನು ಎಕೋ ಯಂತ್ರದಿಂದ ಪರೀಕ್ಷಿಸಿದ್ದರು. ಕವಾಟದ ಗಣನೀಯ ಸೋರಿಕೆ ಪರ್ಗೊಲೈಡ್ ಸೇವಿಸಿದವರಲ್ಲಿ ನೂರಕ್ಕೆ ೨೩.೪, ಕ್ಯಾಬರ್ಗೊಲಿನ್ ಸೇವಿಸಿದವರಲ್ಲಿ ೨೮.೬, ಈ ಔಷಧಗಳಿಲ್ಲದ ಸಾಮಾನ್ಯರಲ್ಲಿ ೫.೬ರಷ್ಟಿತ್ತು. ಅರ್ಗಟ್ ಮೂಲದ್ದಲ್ಲದ ಇದೇ ಬಗೆಯ ಗುಳಿಗೆ ಸೇವಿಸಿದವರಲ್ಲಿ ಒಬ್ಬರಲ್ಲಿಯೂ ಇರಲಿಲ್ಲ. ಜರ್ಮನಿಯ ಸಂಶೋಧಕರು ಬ್ರಿಟನ್ನಿನ ೧೧ ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ತಡಕಿ, ಪರ್ಗೊಲೈಡ್ ಸೇವಿಸುವವರಲ್ಲಿ ಕವಾಟ ಸೋರುವ ಸಂಭವ ಸುಮಾರು ಏಳು ಪಟ್ಟು, ಕ್ಯಾಬರ್ಗೊಲಿನ್‌ನಲ್ಲಿ ಸುಮಾರು ಐದು ಪಟ್ಟು ಹೆಚ್ಚೆಂದು ತೋರಿಸಿದರು. ಪ್ರಮಾಣ ಹೆಚ್ಚಿದಷ್ಟೂ, ಕಾಲ ಕಳೆದಷ್ಟೂ ಅಪಾಯ ಹೆಚ್ಚು.

೨೦೦೭ರ ಮಾರ್ಚ್ ೨೯ರಂದು ಎಫ್‌ಡಿಎ ಪ್ರಕಟಣೆ ಹೊರಡಿಸಿತು. ಕಂಪನಿಗಳು ಪರ್ಗೊಲೈಡನ್ನು ಹಿಂತೆಗೆದುಕೊಂಡವು. ಸುಮಾರು ಹದಿನೆಂಟು ವರ್ಷ ಬಳಕೆಯಲ್ಲಿದ್ದ ಗುಳಿಗೆ ಅದು.

ತಟ್ಟನೆ ನಿಲ್ಲಿಸುವುದೂ ಅಪಾಯ

ಆ ಪ್ರಕಟಣೆಯಲ್ಲಿಯೇ ಇನ್ನೊಂದು ಮಾತಿತ್ತು: ರೋಗಿಗಳು ತಾವಾಗಿ ಗುಳಿಗೆಯನ್ನು ಒಮ್ಮೆಲೆ ನಿಲ್ಲಿಸಬಾರದು, ವೈದ್ಯರನ್ನು ಕಂಡು ಹಂತಹಂತವಾಗಿ ತಗ್ಗಿಸಬೇಕು. ಡೋಪಮಿನ್‌ನ ಆಸರೆಗೆ ಒಗ್ಗಿದ ದೇಹದಿಂದ ಅದನ್ನು ಒಮ್ಮೆಲೆ ಕಿತ್ತುಕೊಂಡರೆ ಮೈ ಮರದಂತೆ ಬಿಗಿಯಬಹುದು, ತೀವ್ರ ಜ್ವರ ಏರಬಹುದು, ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು. ಲೆವೊಡೋಪಕ್ಕೂ ಈ ಮಾತು ಅನ್ವಯಿಸುತ್ತದೆ. ಪ್ರಯಾಣದಲ್ಲಿ ಮರೆತೆವು, ಅಂಗಡಿಯಲ್ಲಿ ಸಿಗಲಿಲ್ಲ, ವ್ರತವಿತ್ತು ಎಂದು ನಾಲ್ಕು ದಿನ ಬಿಡುವ ಗುಳಿಗೆ ಇದಲ್ಲ. ಸೊಸೆಯವರ ಮಾತು ನಮ್ಮನ್ನು ಹೆದರಿಸಿದ್ದು ಇದಕ್ಕೇ.

ಅಂದೇ ಹಿರಿಯರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಗೆ ಹೋದೆವು. ಎಕೋ ಪರೀಕ್ಷೆಯಲ್ಲಿ ಎರಡು ಕವಾಟಗಳು ಸೋರುತ್ತಿರುವುದು ಕಂಡಿತು. ನರರೋಗ ತಜ್ಞರು ಗುಳಿಗೆಯನ್ನು ಮತ್ತೆ ಆರಂಭಿಸಿ, ಕೆಲವು ವಾರಗಳಲ್ಲಿ ಸ್ವಲ್ಪಸ್ವಲ್ಪವೇ ತಗ್ಗಿಸಿ ನಿಲ್ಲಿಸಿದರು. ಲೆವೊಡೋಪದ ಪ್ರಮಾಣವನ್ನು ಸರಿಹೊಂದಿಸಿದರು. ಹೃದ್ರೋಗ ತಜ್ಞರು ಬಾವಿಗೆ ಔಷಧ ಕೊಟ್ಟರು. ಒಂದು ವರ್ಷದ ಮೇಲೆ ನೋಡಿದಾಗ ಒಂದು ಕವಾಟದ ಸೋರಿಕೆ ತಗ್ಗಿತ್ತು, ಇನ್ನೊಂದರದು ಹಾಗೆಯೇ ಉಳಿದಿತ್ತು. ಔಷಧ ನಿಲ್ಲಿಸಿದ ಮೇಲೆ ಕೆಲವರಲ್ಲಿ ಕವಾಟ ಸುಧಾರಿಸುತ್ತದೆ, ಕೆಲವರಲ್ಲಿ ಇಲ್ಲ. ಹಾನಿಯನ್ನು ಎಷ್ಟು ಬೇಗ ಗುರುತಿಸುತ್ತೇವೆಯೋ ಅಷ್ಟು ಒಳಿತು. ನಾವು ಕಳೆದುಕೊಂಡ ಐದು ತಿಂಗಳ ಲೆಕ್ಕ ನಮ್ಮ ಮನಸ್ಸಿನಲ್ಲಿ ಇಂದಿಗೂ ಇದೆ.

ಇಂದು ನಾವು ಗಮನಿಸಬೇಕಾದವು

ಇಂದು ವೈದ್ಯರು ಪಾರ್ಕಿನ್‌ಸನ್ ಕಾಯಿಲೆಗೆ ಹೆಚ್ಚಾಗಿ ಬರೆಯುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಗುಳಿಗೆಗಳು ಅರ್ಗಟ್ ಮೂಲದವಲ್ಲ. ಅವುಗಳಿಗೆ ಈ ಕವಾಟದೋಷ ಅಂಟಿಕೊಂಡಿಲ್ಲ. ಅವುಗಳಿಂದಲೂ ಕಾಲುಬಾವು ಬರಬಹುದು, ಹಗಲುನಿದ್ರೆ ಬರಬಹುದು, ಕೆಲವರಲ್ಲಿ ಜೂಜಿನಂತಹ ಚಟ ಹಠಾತ್ತನೆ ಕಾಣಿಸಬಹುದು. ಆದ್ದರಿಂದ ಬಾವು ಬಂದೊಡನೆ ಹೃದಯವೇ ಕೆಟ್ಟಿತೆಂದು ಮನೆಯಲ್ಲಿಯೇ ತೀರ್ಮಾನಿಸಬಾರದು. ವಯಸ್ಸಿನ ದೋಷವೆಂದು ಕಡೆಗಣಿಸಲೂ ಬಾರದು. ಪರೀಕ್ಷೆಯೇ ಹೇಳಬೇಕು.

ಕ್ಯಾಬರ್ಗೊಲಿನ್ ಮತ್ತು ಬ್ರೊಮೊಕ್ರಿಪ್ಟಿನ್ ನಮ್ಮಲ್ಲಿ ಇಂದಿಗೂ ದೊರೆಯುತ್ತವೆ. ಎದೆಹಾಲಿನ ಹಾರ್ಮೋನು ಏರಿದ ಹೆಣ್ಣುಮಕ್ಕಳಿಗೆ ಕ್ಯಾಬರ್ಗೊಲಿನ್ ಅನ್ನು ವಾರಕ್ಕೆ ಒಂದೆರಡು ಸಲ, ಬಹಳ ಕಿರಿದಾದ ಪ್ರಮಾಣದಲ್ಲಿ ಕೊಡುತ್ತಾರೆ. ಪಾರ್ಕಿನ್‌ಸನ್ ಕಾಯಿಲೆಗೆ ದಿನವೂ ಕೊಡುತ್ತಿದ್ದ ಪ್ರಮಾಣ ಅದರ ಹಲವು ಪಟ್ಟು. ಆದಕಾರಣ ನಮ್ಮ ಸೋದರಿಯರು ಈ ಲೇಖನವನ್ನು ಓದಿ ಹೆದರಿ ಗುಳಿಗೆ ಬಿಡಬೇಕಾಗಿಲ್ಲ. ವರ್ಷಗಟ್ಟಲೆ ಸೇವಿಸುವವರಾದರೆ ಎಕೋ ಪರೀಕ್ಷೆ ಬೇಕೇ ಎಂದು ತಮ್ಮ ವೈದ್ಯರನ್ನು ಕೇಳಿದರೆ ಸಾಕು. ಯುರೋಪಿನ ಔಷಧ ಸಂಸ್ಥೆಯು ೨೦೦೮ರಲ್ಲಿ ಕ್ಯಾಬರ್ಗೊಲಿನ್‌ನ ದಿನದ ಪ್ರಮಾಣವು ೩ ಮಿಲಿಗ್ರಾಂ ಮೀರಬಾರದೆಂದೂ, ಕವಾಟದೋಷವಿರುವವರಿಗೆ ದೀರ್ಘಕಾಲ ಕೊಡಬಾರದೆಂದೂ ವಿಧಿಸಿದೆ. ಬಾಲ್ಯದಲ್ಲಿ ಕೀಲುಬಾವಿನ ಜ್ವರ ಬಂದು ಕವಾಟ ಕೆಟ್ಟವರು ನಮ್ಮ ಭಾಗದಲ್ಲಿ ಇದ್ದಾರೆ. ಅಂಥವರು ಯಾವ ವೈದ್ಯರ ಬಳಿಗೆ ಹೋದರೂ ಆ ಸಂಗತಿಯನ್ನು ಮೊದಲು ತಿಳಿಸಬೇಕು.

ಇನ್ನೊಂದು ಗುಳಿಗೆ ಡೊಂಪೆರಿಡೋನ್. ಲೆವೊಡೋಪದಿಂದ ಬರುವ ವಾಕರಿಕೆಗೆ ಇದನ್ನು ಕೊಡುವುದುಂಟು. ಗ್ಯಾಸಿನ ಗುಳಿಗೆಯೆಂದು ಜನ ತಾವಾಗಿಯೇ ಕೊಂಡು ನುಂಗುವುದೂ ಉಂಟು. ಇದು ಹೃದಯದ ಲಯವನ್ನು ತಪ್ಪಿಸಬಲ್ಲದು. ಅರವತ್ತು ದಾಟಿದವರಲ್ಲಿ, ದಿನಕ್ಕೆ ೩೦ ಮಿಲಿಗ್ರಾಂ ಮೀರಿದಾಗ ಅಪಾಯ ಹೆಚ್ಚು. ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟೇ ಪ್ರಮಾಣದಲ್ಲಿ ಸೇವಿಸಬೇಕು.

ನಸುಗುನ್ನಿಯ ವಿಚಾರ

ಇಷ್ಟು ಓದಿದ ಮೇಲೆ ಅನೇಕರು ಕೇಳುವ ಪ್ರಶ್ನೆ ನಮಗೆ ಗೊತ್ತು: "ಹಂಗಾದ್ರ ನಮ್ಮ ಆಯುರ್ವೇದದ ಔಷಧನ ಛಲೋ ಅಲ್ಲೇನ್ರಿ?"

ನಮ್ಮ ಹೊಲಗಳ ಬೇಲಿಯ ಮೇಲೆ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯೇ ಶಾಸ್ತ್ರದ ಕಪಿಕಚ್ಛು. ಅದರ ಬೀಜದಲ್ಲಿ ಲೆವೊಡೋಪ ಇರುವುದನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಮದರಾಸಿನ ವಿಜ್ಞಾನಿಗಳು ೧೯೩೭ರಲ್ಲಿಯೇ ಪ್ರತ್ಯೇಕಿಸಿ ತೋರಿಸಿದರು. ಲೆವೊಡೋಪ ಚಿಕಿತ್ಸೆ ರೂಢಿಗೆ ಬರುವುದಕ್ಕೆ ಅದಿನ್ನೂ ಮೂರು ದಶಕ ಮೊದಲು. ಲಂಡನ್ನಿನಲ್ಲಿ ೨೦೦೪ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಸುಗುನ್ನಿ ಬೀಜದ ಪುಡಿಯು ರೂಢಿಯ ಗುಳಿಗೆಗಿಂತ ಬೇಗ ಕೆಲಸ ಆರಂಭಿಸಿ ಹೆಚ್ಚು ಹೊತ್ತು ನಿಂತಿತು. ಆದರೆ ಆ ಅಧ್ಯಯನದಲ್ಲಿದ್ದವರು ಎಂಟೇ ಮಂದಿ. ಅದು ಭರವಸೆ ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ಈ ಬೀಜವು ಅರ್ಗಟ್ ಅಲ್ಲ; ಪರ್ಗೊಲೈಡ್‌ನಂತೆ ಕವಾಟ ಕೆಡಿಸುವ ದೋಷವನ್ನು ಅದರಲ್ಲಿ ಕಂಡಿಲ್ಲ. ಆದರೆ ಅದರಲ್ಲಿರುವುದು ನಿಜವಾದ ಲೆವೊಡೋಪ ಎಂಬುದನ್ನು ಮರೆಯಬಾರದು. ನೂರು ಗ್ರಾಂ ಬೀಜದಲ್ಲಿ ಅದು ಸುಮಾರು ೩ರಿಂದ ೬ ಗ್ರಾಂ ಇರಬಹುದು. ತಳಿಯಿಂದ ತಳಿಗೆ, ನೆಲದಿಂದ ನೆಲಕ್ಕೆ ಬದಲಾಗುತ್ತದೆ. ಗುಳಿಗೆಯ ಜೊತೆಗೆ ಸಂತೆಯ ಪುಡಿಯನ್ನೂ ಹಾಲಿನಲ್ಲಿ ಕದಡಿ ಕುಡಿದರೆ ಪ್ರಮಾಣ ಎರಡು ಪಟ್ಟಾಗಿ ವಾಂತಿ, ರಕ್ತದೊತ್ತಡದ ಕುಸಿತ, ಇಲ್ಲದ್ದು ಕಾಣುವ ಭ್ರಮೆ, ತಡೆಯಲಾರದ ತೊನೆದಾಟ ಬರಬಹುದು. ಎದ್ದು ನಿಂತೊಡನೆ ಒತ್ತಡ ಕುಸಿದು ಬಿದ್ದು ತೊಡೆಯೆಲುಬು ಮುರಿದುಕೊಂಡವರನ್ನು ನಾವು ಕಂಡಿದ್ದೇವೆ. ಹಳೆಯದೆಂದ ಮಾತ್ರಕ್ಕೆ, ಗಿಡಮೂಲಿಕೆಯೆಂದ ಮಾತ್ರಕ್ಕೆ ಔಷಧ ನಿರಪಾಯವಲ್ಲ. ಪರ್ಗೊಲೈಡ್‌ಗೆ ಹಿಡಿದ ಕನ್ನಡಿಯನ್ನು ನಮ್ಮ ಚೂರ್ಣಗಳಿಗೂ ಹಿಡಿಯಬೇಕು. ಕಪಿಕಚ್ಛು ಸೇವಿಸುವುದಿದ್ದರೆ ಆಯುರ್ವೇದ ವೈದ್ಯರಿಗೂ ನರರೋಗ ತಜ್ಞರಿಗೂ ತಿಳಿದಿರಬೇಕು.

ಆಹಾರದ ಮಾತೊಂದಿದೆ. ಲೆವೊಡೋಪ ಗುಳಿಗೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಇಲ್ಲವೇ ಊಟವಾಗಿ ಒಂದು ಗಂಟೆಯ ಮೇಲೆ ತೆಗೆದುಕೊಂಡರೆ ಚೆನ್ನಾಗಿ ಹಿಡಿಸುತ್ತದೆ. ಹಾಲು, ಕಾಳುಪಲ್ಯ, ಬೇಳೆಗಳ ಪ್ರೋಟೀನು ಅದರ ದಾರಿಗೆ ಅಡ್ಡ ಬರುತ್ತದೆ. ಕಾಳನ್ನು ಬಿಡಬಾರದು, ಗುಳಿಗೆಯ ಹೊತ್ತಿನಿಂದ ದೂರವಿಡಬೇಕು. ಕಬ್ಬಿಣದ ಗುಳಿಗೆಯನ್ನೂ ಅದರ ಜೊತೆಗೆ ನುಂಗಬಾರದು.

ಮನೆಯವರು ಮಾಡಬೇಕಾದದ್ದು

ಮನೆಯಲ್ಲಿ ಕಂಪವಾತದ ಹಿರಿಯರಿದ್ದರೆ ಈ ಲಕ್ಷಣಗಳ ಮೇಲೆ ಕಣ್ಣಿಡಿರಿ: ಮೊದಲು ಹತ್ತುತ್ತಿದ್ದ ಮೆಟ್ಟಿಲಿಗೆ ಈಗ ಏದುಸಿರು, ಸಂಜೆಗೆ ಕಾಲುಬಾವು, ಬೆರಳಿನಿಂದ ಒತ್ತಿದರೆ ಉಳಿಯುವ ಕುಳಿ, ಮಲಗಿದರೆ ಕೆಮ್ಮು, ಕೂತರೆ ಆರಾಮ, ಎದೆ ಹೊಡೆದುಕೊಳ್ಳುವುದು, ಕಾರಣವಿಲ್ಲದ ದಣಿವು. ಎಕೋ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಧ್ವನಿತರಂಗಗಳಿಂದ ಕವಾಟ ತೆರೆದು ಮುಚ್ಚುವುದನ್ನು ಪರದೆಯ ಮೇಲೆ ಕಾಣಬಹುದು. ಕೊಪ್ಪಳದಲ್ಲಿ ಈಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ, ಹುಬ್ಬಳ್ಳಿಯ ಆಸ್ಪತ್ರೆಗಳಿವೆ, ಹೃದಯಕ್ಕೆ ಕಲಬುರಗಿಯ ಜಯದೇವ, ನರರೋಗಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ನಮ್ಮ ಕಾಲದಷ್ಟು ದೂರ ಈಗಿಲ್ಲ.

ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ಅದೇ ಗುಳಿಗೆ ಕೊಳ್ಳುವುದನ್ನು ಬಿಡಿರಿ. ಆರು ತಿಂಗಳಿಗೊಮ್ಮೆಯಾದರೂ ವೈದ್ಯರು ಆ ಚೀಟಿಯನ್ನು ಮತ್ತೆ ನೋಡಲಿ. ಬೆಂಗಳೂರಿನಿಂದಲೋ ಪರದೇಶದಿಂದಲೋ ಮಕ್ಕಳು ಕಳುಹಿಸಿದ ಔಷಧದ ಹೆಸರನ್ನು ಕನ್ನಡದಲ್ಲಿ ಒಂದು ಕಾಗದದ ಮೇಲೆ ಬರೆಸಿ ಗೋಡೆಗೆ ಅಂಟಿಸಿರಿ. ಔಷಧದಿಂದ ತೊಂದರೆಯಾಯಿತೆಂಬ ಸಂಶಯ ಬಂದರೆ ಯಾರು ಬೇಕಾದರೂ ವರದಿ ಮಾಡಬಹುದು. ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ ೧೮೦೦-೧೮೦-೩೦೨೪. ಮೂವರು ರೋಗಿಗಳ ವರದಿಯೇ ಪರ್ಗೊಲೈಡ್‌ನ ದೋಷವನ್ನು ಬಯಲಿಗೆ ತರುವ ಮೊದಲ ಹೆಜ್ಜೆಗಳಲ್ಲಿ ಒಂದಾಯಿತೆಂಬುದನ್ನು ನೆನೆಯಿರಿ. ಒಬ್ಬರ ಅನುಭವ ಸಾವಿರ ಜನರನ್ನು ಕಾಯಬಹುದು.

ಆ ಹಿರಿಯರು ೨೦೧೨ರವರೆಗೆ ಬಾಳಿದರು. ಅಮೆರಿಕದ ಗುಳಿಗೆ ನಿಂತ ಮೇಲೆ ನಡುಕವು ಪೂರ್ತಿಯಾಗಿ ಅಡಗಲಿಲ್ಲ. ಕೊನೆಯ ವರ್ಷಗಳಲ್ಲಿ ಪೂಜೆಯ ಹೊತ್ತಿಗೆ ಸೊಸೆಯವರು ಎದುರಿಗೆ ಕುಳಿತು, ಮಾವನ ಎಡಗೈಯ ಕೆಳಗೆ ತಮ್ಮ ಅಂಗೈಯನ್ನು ಆಸರೆಯಾಗಿ ಇಡುತ್ತಿದ್ದರು. ನಾವು ಒಮ್ಮೆ ಹೋದಾಗ ಅದನ್ನು ಕಂಡೆವು. ಎರಡು ಕೈಗಳೂ ಒಟ್ಟಿಗೆ ತುಸುವೇ ನಡುಗುತ್ತಿದ್ದವು. ಲಿಂಗವು ಅಲುಗದೆ ನಿಂತಿತ್ತು.

ಮುಂದಿನ ಅಮಾವಾಸ್ಯೆಗೆ ಶ್ರೀಮಠಕ್ಕೆ ಹೊರಡುವ ಮೊದಲು, ಮನೆಯ ಹಿರಿಯರ ಗುಳಿಗೆಯ ಚೀಲವನ್ನು ಒಮ್ಮೆ ಬಿಚ್ಚಿ ನೋಡಿರಿ. ಎಲ್ಲರಿಗೂ ಆಯುರಾರೋಗ್ಯ ಲಭಿಸಲಿ. ಶರಣು.